ಚಿನ್ನ ಗೆದ್ದ ಮೇಲೆ ನೋವು ಹೇಳಿದ ಹುಡುಗಿ

ಕಳೆದ ಮಳೆಗಾಲದಲ್ಲಿ ನನ್ನ ಬಲಗೈ ಮಣಿಕಟ್ಟು ನೋಯಲು ಶುರುವಾಯಿತು. ಭಾನುವಾರದ ಬ್ಯಾಡ್ಮಿಂಟನ್ನೇ ಕಾರಣ ಅಂದುಕೊಂಡೆ. ಆಟ ಬಿಟ್ಟೆ, ನೋವು ಬಿಡಲಿಲ್ಲ. ದಿನಕ್ಕೆ ಹತ್ತು ಗಂಟೆ ಕೀಬೋರ್ಡ್ ಕುಟ್ಟುವ ಕೈ ಅಲ್ವಾ! ಮ್ಯಾನೇಜರ್‌ಗೆ ಹೇಳಬೇಕು ಅಂತ ಎರಡು ಸಲ ಹೋದೆ. ‘ಈ ರಿಲೀಸ್ ಒಂದು ಮುಗೀಲಿ’ ಅಂತ ಅವರು ಹೇಳುವ ಮೊದಲೇ ನನಗೆ ನಾನೇ ಹೇಳಿಕೊಂಡು ವಾಪಸ್ ಬಂದೆ.

ಅಂಥ ಒಂದು ರಾತ್ರಿ ಕೈಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮೊಬೈಲ್‌ನಲ್ಲಿ ಹಳೆಯ ಪಂದ್ಯಗಳನ್ನು ನೋಡುತ್ತಿದ್ದೆ. ಆಗ ಸಿಕ್ಕಿದ್ದು ಕೊರಿಯಾದ ಆನ್ ಸೆ ಯಂಗ್.

ನಮ್ಮ ಸಿಂಧು ಆಟ ನೋಡುವವರಿಗೆ ಈ ಹೆಸರು ಹೊಸದಲ್ಲ. ಸಿಂಧುವನ್ನು ಹಲವು ಸಲ ಸೋಲಿಸಿದ ಹುಡುಗಿ ಈಕೆ. ಹುಟ್ಟಿದ್ದು 2002ರಲ್ಲಿ, ಅಪ್ಪ ಬಾಕ್ಸರ್ ಆಗಿದ್ದವರು. ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ, 15ನೇ ವಯಸ್ಸಿನಲ್ಲಿ, ಆಯ್ಕೆ ಪಂದ್ಯಗಳಲ್ಲಿ ದೊಡ್ಡವರನ್ನು ಸೋಲಿಸಿ ರಾಷ್ಟ್ರೀಯ ತಂಡ ಸೇರಿದಳು. ನಾಲ್ಕು ಸ್ಮ್ಯಾಷ್ ಹೊಡೆದು ಮುಗಿಸುವ ಆಟವಲ್ಲ ಅವಳದ್ದು. ಎಲ್ಲಿಗೆ ಹೊಡೆದರೂ ಓಡಿಹೋಗಿ ಶಟಲ್ ಎತ್ತಿ ಕಳಿಸುತ್ತಾಳೆ. ಕೊನೆಗೆ ಎದುರಾಳಿಗೇ ಸುಸ್ತು. ಆದರೆ ಅಂಥ ಆಟದ ಭಾರವೆಲ್ಲ ಬೀಳುವುದು ಮಂಡಿಯ ಮೇಲೆ.

2023 ಅವಳ ವರ್ಷ. ಮಾರ್ಚ್‌ನಲ್ಲಿ ಆಲ್ ಇಂಗ್ಲೆಂಡ್ ಗೆದ್ದಳು. ಆಗಸ್ಟ್‌ನಲ್ಲಿ ಕೋಪನ್‌ಹೇಗನ್‌ನಲ್ಲಿ ವಿಶ್ವ ಚಾಂಪಿಯನ್ ಆದಳು. ಮಹಿಳಾ ಸಿಂಗಲ್ಸ್‌ನಲ್ಲಿ ಕೊರಿಯಾಕ್ಕೆ ಅದೇ ಮೊದಲ ವಿಶ್ವ ಕಿರೀಟ. ಅಕ್ಟೋಬರ್‌ನಲ್ಲಿ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್. ನಾನು ಆ ರಾತ್ರಿ ನೋಡಿದ್ದು ಅದನ್ನೇ. ಎದುರಿಗೆ ಟೋಕಿಯೊ ಒಲಿಂಪಿಕ್ಸ್‌ನ ಚಿನ್ನದ ಹುಡುಗಿ, ಚೀನಾದ ಚೆನ್ ಯುಫೈ. ಮೊದಲ ಗೇಮ್‌ನಲ್ಲೇ ಆನ್‌ಳ ಬಲ ಮಂಡಿ ಕೈಕೊಟ್ಟಿತು. ಸಾಕು, ಆಟ ಬಿಟ್ಟುಬಿಡು ಅಂತ ಪ್ರೇಕ್ಷಕರ ನಡುವಿನಿಂದ ಅಮ್ಮ ಕೂಗಿದರು ಎಂದು ಆಮೇಲೆ ಪತ್ರಿಕೆಗಳಲ್ಲಿ ಬಂತು. ಮಗಳು ಬಿಡಲಿಲ್ಲ. 21-18, 17-21, 21-8. ಕುಂಟುತ್ತಲೇ ಚಿನ್ನ ಗೆದ್ದಳು.

ಅಷ್ಟು ನೋಡಿ ನನಗೆ ರೋಮಾಂಚನವೇನೋ ಆಯ್ತು. ‘ನೋಡು, ನಿನ್ನದೇನು ಮಹಾ ನೋವು’ ಅಂತ ನನಗೇ ಬೈದುಕೊಂಡೆ. ಆದರೆ ಮುಂದಿನ ಕತೆ ಓದಿದಾಗ ಆ ಬೈಗುಳ ವಾಪಸ್ ತಗೊಂಡೆ.

2024ರ ಆಗಸ್ಟ್ 5ರಂದು ಪ್ಯಾರಿಸ್‌ನಲ್ಲಿ ಹೀ ಬಿಂಗ್‌ಜಿಯಾವೊಳನ್ನು ಸೋಲಿಸಿ ಅವಳು ಒಲಿಂಪಿಕ್ ಚಿನ್ನ ಗೆದ್ದಳು. 1996ರ ಬಾಂಗ್ ಸೂ ಹ್ಯೂನ್ ನಂತರ, 28 ವರ್ಷಗಳ ಮೇಲೆ ಕೊರಿಯಾಕ್ಕೆ ಬಂದ ಸಿಂಗಲ್ಸ್ ಚಿನ್ನ. ಬೇರೆ ಯಾರೇ ಆಗಿದ್ದರೂ ಅವತ್ತು ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಸುಮ್ಮನಾಗುತ್ತಿದ್ದರು. ಇವಳು ಅವತ್ತೇ ಪತ್ರಕರ್ತರ ಮುಂದೆ ಬಾಯಿಬಿಟ್ಟಳು. ತನ್ನ ಗಾಯ ಅಂದುಕೊಂಡದ್ದಕ್ಕಿಂತ ಗಂಭೀರವಾಗಿತ್ತು, ತಂಡದವರು ಅದನ್ನು ಹಗುರವಾಗಿ ತಗೊಂಡರು, ನಿರಾಸೆಯಾಗಿದೆ ಎಂದಳು. ದೇಶದಲ್ಲಿ ಗಲಾಟೆಯಾಯಿತು, ಸರ್ಕಾರ ಬ್ಯಾಡ್ಮಿಂಟನ್ ಸಂಸ್ಥೆಯ ಬಗ್ಗೆ ತನಿಖೆ ನಡೆಸಿತು. 2025ರ ಆರಂಭದ ಚುನಾವಣೆಯಲ್ಲಿ ಹಳೆಯ ಅಧ್ಯಕ್ಷರು ಸೋತು, ಒಲಿಂಪಿಕ್ ಚಿನ್ನ ಗೆದ್ದಿದ್ದ ಮಾಜಿ ಆಟಗಾರ ಕಿಮ್ ಡಾಂಗ್ ಮೂನ್ ಬಂದರು. ಇವಳೋ, ಅದೇ ವರ್ಷ 11 ಪ್ರಶಸ್ತಿ ಗೆದ್ದು ಕೆಂಟೊ ಮೊಮೊಟಾ ದಾಖಲೆ ಸರಿಗಟ್ಟಿದಳು.

ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ. ನೋವು ಅಂತ ಹೇಳೋಕೆ ಅವಳು ಚಿನ್ನ ಗೆಲ್ಲೋವರೆಗೆ ಯಾಕೆ ಕಾಯಬೇಕಾಯ್ತು? ಬೆಳ್ಳಿ ಬಂದಿದ್ದರೆ ಅದೇ ಮಾತನ್ನು ಸೋತವಳ ನೆಪ ಅಂತಿದ್ದರೇನೋ. ಒಂಬತ್ತನೇ ಸ್ಥಾನ ಬಂದವಳ ಮಂಡಿಯೂ ಮಂಡಿಯೇ ತಾನೇ? ನನಗಂತೂ ಯಾವ ಚಿನ್ನವೂ ಬರುವುದಿಲ್ಲ. ಹಾಗಾದ್ರೆ ನಾನು ಯಾವಾಗ ಹೇಳೋದು?

ಸೋಮವಾರ ಹೇಳಿಬಿಟ್ಟೆ. ಮ್ಯಾನೇಜರ್ ಮುಖ ಸ್ವಲ್ಪ ಗಂಟಾಯಿತು. “ಮೊದಲೇ ಹೇಳೋದಲ್ವಾ” ಅಂದರು. ರಿಲೀಸ್ ಒಂದು ವಾರ ಮುಂದಕ್ಕೆ ಹೋಯಿತು, ಯಾರ ತಲೆಯೂ ಹೋಗಲಿಲ್ಲ. ಊರಲ್ಲಿರುವ ಅಮ್ಮನಿಗೂ ಫೋನ್ ಮಾಡಿ ಹೇಳಿದೆ. ಅವಳು ಮಾತ್ರ ಅರ್ಧ ಗಂಟೆ ಬೈದಳು.

ಕೈ ಇನ್ನೂ ಪೂರ್ತಿ ಸರಿಯಾಗಿಲ್ಲ. ಪಟ್ಟಿ ಕಟ್ಟಿಕೊಂಡಿದ್ದೇನೆ. ಈ ಬರಹದ ಅರ್ಧ ಭಾಗವನ್ನು ಮೊಬೈಲ್‌ಗೆ ಬಾಯಲ್ಲೇ ಹೇಳಿ ಬರೆಸಿದ್ದು.