ಬೈರಿಗೆಯ ಮೊನೆ

ಹಂಪೆಯ ಗುಡ್ಡಗಳಲ್ಲಿ ತಿರುಗಾಡಿದ ವಾಚಕರು ಹೆಬ್ಬಂಡೆಗಳ ಮೈಮೇಲೆ ಸಾಲಾಗಿ ತೋಡಿದ ಚಿಕ್ಕ ಚಿಕ್ಕ ಕುಳಿಗಳನ್ನು ಕಂಡಿರಬಹುದು. ವಿಜಯನಗರದ ಕಲ್ಲುಕುಟಿಗರು ಆ ಕುಳಿಗಳಲ್ಲಿ ಬೆಣೆಗಳನ್ನಿರಿಸಿ ಬಂಡೆಗಳನ್ನು ಸೀಳುತ್ತಿದ್ದರು. 1565ರಲ್ಲಿ ಪಟ್ಟಣವು ಹಾಳಾಯಿತು. ಆ ಗುರುತುಗಳು ಮಾತ್ರ ಇಂದಿಗೂ ಅಳಿದಿಲ್ಲ. ಪದಾರ್ಥದ ಗುಣವನ್ನರಿತು ಆಯುಧವನ್ನು ಹಿಡಿಯಬೇಕೆಂಬ ಮಾತನ್ನು ಅವು ನಮಗೆ ಹೇಳುವಂತಿವೆ.

ಈಗ ಅನೇಕ ಮನೆಗಳಿಗೆ ವಿದ್ಯುತ್ತಿನ ಬೈರಿಗೆ ಬಂದಿದೆ. ಯಂತ್ರವನ್ನು ಕೊಳ್ಳುವಾಗ ನೂರು ಪ್ರಶ್ನೆ ಕೇಳುವವರು ಅದರ ತುದಿಗೆ ಸಿಕ್ಕಿಸುವ ಮೊನೆಯನ್ನು ವಿಚಾರಿಸುವುದು ಅಪರೂಪ. ಯಂತ್ರವು ತಿರುಗಿಸುವುದಷ್ಟೆ, ಕೊರೆಯುವ ಕೆಲಸ ಮೊನೆಯದು.

ಹೊಸಪೇಟೆಯ ಕಾಂಕ್ರೀಟ್ ಗೋಡೆಗೂ ಈ ಸೀಮೆಯ ಗ್ರಾನೈಟ್ ಕಲ್ಲಿಗೂ ಟಂಗ್‌ಸ್ಟನ್ ಕಾರ್ಬೈಡಿನ ತುಣುಕನ್ನು ತುದಿಗೆ ಬೆಸೆದ ಮೊನೆ ಬೇಕು. ಯಂತ್ರವು ತಿರುಗುತ್ತಲೇ ಸುತ್ತಿಗೆಯಂತೆ ಬಡಿಯಲೂ ಬೇಕು. ಕಲ್ಲು ಪೆಟ್ಟಿಗೆ ಪುಡಿಯಾಗುವ ವಸ್ತು. ಅದೇ ಮೊನೆಯನ್ನು ಕಬ್ಬಿಣಕ್ಕೆ ಒಡ್ಡಿದರೆ ಉಜ್ಜಿ ಉಜ್ಜಿ ಕಾಯುವುದೇ ಹೊರತು ಕೊರೆಯಲಾರದು. ಸಂಡೂರಿನ ಗುಡ್ಡಗಳಲ್ಲಿ ಸಿಗುವ ಅದಿರನ್ನು ಬಡಿದರೆ ಒಡೆಯುತ್ತದೆ. ಅಂಥ ಅದಿರೇ ಕುಲುಮೆಯನ್ನು ದಾಟಿ ಕಿಟಕಿಯ ಸರಳಾಗಿ ಬಂದಾಗ ಒಡೆಯದೆ ಸುರುಳಿ ಸುರುಳಿಯಾಗಿ ಸುಲಿದು ಬರುತ್ತದೆ. ಅದಕ್ಕೆ ಹೈಸ್ಪೀಡ್ ಸ್ಟೀಲ್ ಎಂಬ ಉಕ್ಕಿನ ಮೊನೆಯೇ ಸಲ್ಲುವುದು. ಅದರ ತುದಿಯ ಕೋನ ಸಾಮಾನ್ಯವಾಗಿ 118 ಡಿಗ್ರಿ. ಪಂಚಿನಿಂದ ಒಂದು ಚುಕ್ಕೆ ಹೊಡೆದು, ಒಂದು ಹನಿ ಎಣ್ಣೆ ಬಿಟ್ಟು, ನಿಧಾನವಾಗಿ ಕೊರೆಯತಕ್ಕದ್ದು. ಮೊನೆ ದಪ್ಪವಾದಷ್ಟೂ ವೇಗ ತಗ್ಗಬೇಕು. 5 ಮಿಲಿಮೀಟರಿನ ಮೊನೆಗೆ ಸಲ್ಲುವ ವೇಗದ ಅರ್ಧವೇ 10 ಮಿಲಿಮೀಟರಿನದಕ್ಕೆ ಸಾಕು.

ಕಂಪ್ಲಿಯ ಬಂಧುಗಳ ಹಳೆಯ ಮನೆಯಲ್ಲಿ ಬಾಗಿಲಿಗೆ ಚಿಲಕ ಕೂರಿಸುವುದನ್ನು ನಾವು ಒಮ್ಮೆ ನೋಡುತ್ತಿದ್ದೆವು. ಬಡಗಿಯು ನಡುವೆ ಮುಳ್ಳಿರುವ ಮರಗೆಲಸದ ಮೊನೆಯನ್ನು ಆರಿಸಿಕೊಂಡು, ಬಾಗಿಲಿನ ಹಿಂದೆ ಒಂದು ಹಲಗೆಯನ್ನು ಒತ್ತಿಹಿಡಿಸಿದನು. ಆದುದರಿಂದ ಹಿಂಬದಿಯಲ್ಲಿ ಸಿಬಿರೇಳಲಿಲ್ಲ. ಪಕ್ಕದ ಮಣ್ಣುಗೋಡೆಗೆ ಗೂಟ ಹಾಕುವಾಗ ಯಂತ್ರದ ಬಡಿತವನ್ನು ನಿಲ್ಲಿಸಿ ಬರಿಯ ತಿರುಗುವಿಕೆಯಿಂದಲೇ ಕೊರೆದನು. ಬಡಿದಿದ್ದರೆ ಗಾರೆಯೆಲ್ಲ ಉದುರುತ್ತಿತ್ತು. ಶಕ್ತಿಗಿಂತ ಯುಕ್ತಿ ಮೇಲೆಂಬುದು ಇಂಥಲ್ಲಿ ಕಣ್ಣಿಗೆ ಕಾಣುತ್ತದೆ.

ಕೊರೆಯುವವರು ಕಣ್ಣಿಗೆ ಕನ್ನಡಕ ಹಾಕಬೇಕು. ಜೋಲುವ ಸೆರಗು, ಬಿಚ್ಚಿದ ಕೂದಲು, ಕೈಗವಸು—ಇವು ತಿರುಗುವ ಮೊನೆಗೆ ಸಿಕ್ಕಿಕೊಂಡರೆ ಕೈಯನ್ನೇ ಎಳೆದುಕೊಳ್ಳುತ್ತವೆ. ಚಿಕ್ಕ ತಗಡನ್ನು ಕೈಯಲ್ಲಿ ಹಿಡಿಯದೆ ಇಕ್ಕಳದಲ್ಲಿ ಬಿಗಿಯಬೇಕು. ಸ್ವಿಚ್ಚಿನ ನೇರದಲ್ಲಿ, ಮೇಲಾಗಲಿ ಕೆಳಗಾಗಲಿ, ಗೋಡೆಯನ್ನು ಕೊರೆಯಲಾಗದು. ತಂತಿಯು ಹೆಚ್ಚಾಗಿ ಅಲ್ಲಿಯೇ ಹರಿದಿರುತ್ತದೆ. ಮೊನೆಯನ್ನು ಬದಲಿಸುವಾಗ ಯಂತ್ರವನ್ನು ವಿದ್ಯುತ್ತಿನಿಂದ ಬಿಡಿಸಿಡಬೇಕು.

ಧೂಳಿನ ಮಾತನ್ನು ಕಡೆಗೆ ಉಳಿಸಿಕೊಂಡಿದ್ದೇವೆ. ಗ್ರಾನೈಟ್ ಮತ್ತು ಕಾಂಕ್ರೀಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದವರ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಎಂಬ ರೋಗ ತಗಲುವುದುಂಟು. ಅದನ್ನು ವಾಸಿಮಾಡುವ ಔಷಧವಿಲ್ಲ. ನಮ್ಮ ಮನೆಗೆ ಬೇಕಾದುದು ಎರಡು ತೂತುಗಳು. ಕೊರೆಯಲು ಬರುವವನಿಗಾದರೋ ದಿನವೆಲ್ಲ ಅದೇ ಧೂಳು. ಅವನು ಬಂದಾಗ ಕಾಫಿಯ ಲೋಟದೊಡನೆ ಧೂಳು ತಡೆಯುವ ಒಂದು ಒಳ್ಳೆಯ ಮುಖಗವಸನ್ನೂ ಕೊಡುವುದು ಗೃಹಸ್ಥರ ಧರ್ಮವೆಂದು ನಾವು ಭಾವಿಸುತ್ತೇವೆ.