ಗಿರಣಿ ಚಿಕ್ಕಪ್ಪನ ಆಕ್ಷೇಪಣೆ

ಕರೆಂಟ್ ರೇಟು ಏರಿತು ಅಂದ ಕೂಡಲೇ ನಾವೆಲ್ಲ ಮಂತ್ರಿಗಳನ್ನು ಬೈಯ್ಯೋಕೆ ಶುರು ಮಾಡ್ತೀವಿ. ಆದ್ರೆ ರೇಟು ನಿಗದಿ ಮಾಡೋದು 1999ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದ್ರೆ ಕೆಇಆರ್‌ಸಿ. ನನಗೂ ಇದು ತಿಳಿದದ್ದು ಚಿಕ್ಕಪ್ಪನ ಹಿಟ್ಟಿನ ಗಿರಣಿಯಿಂದ.

ಗಿರಣಿ ತಿರುಗಲಿ ಬಿಡಲಿ, ಮೋಟಾರಿನ ಎಚ್‌ಪಿ ಲೆಕ್ಕದಲ್ಲಿ ತಿಂಗಳು ತಿಂಗಳು ನಿಗದಿತ ಶುಲ್ಕ ಕಟ್ಟಲೇಬೇಕು. ಪ್ಯಾಕೆಟ್ ಹಿಟ್ಟು ಬಂದ ಮೇಲೆ ಬೀಸಿಸೋಕೆ ಬರೋರೇ ಕಮ್ಮಿ. "ಇನ್ನೊಂದು ಸಲ ಏರಿಸಿದ್ರೆ ಬೀಗ ಹಾಕೋದೇ ಕಣೋ" ಅಂದ್ರು ಚಿಕ್ಕಪ್ಪ. ಆಗ ನಾನು ನಿಯಮ ಹುಡುಕಿ ಓದಿದೆ.

2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಸೆಕ್ಷನ್ ಬಹಳ ಸರಳ. ದರ ಬೇಕಾದ ಕಂಪನಿ ಆಯೋಗಕ್ಕೆ ಅರ್ಜಿ ಹಾಕಬೇಕು, ಅದರ ಸಾರಾಂಶವನ್ನು ಪ್ರಕಟಿಸಬೇಕು. ಜನರ ಸಲಹೆ, ಆಕ್ಷೇಪಣೆಗಳನ್ನೆಲ್ಲ ಪರಿಗಣಿಸಿ ಆಯೋಗ 120 ದಿನದೊಳಗೆ ಆದೇಶ ಕೊಡಬೇಕು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರೆದೇ ಕೊಡಬೇಕು. ಒಪ್ಪದವರು 45 ದಿನದೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು.

ಅರ್ಜಿಯ ತುಂಬ ಅಂಕಿಗಳ ಕಾಡು! ನನ್ನ ಕಣ್ಣು ನಿಂತದ್ದು ಸೋರಿಕೆಯ ಕೋಷ್ಟಕದ ಮೇಲೆ. 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ ಕರೆಂಟ್ ಉಚಿತ, ಹೆಚ್ಚಿನವಕ್ಕೆ ಮೀಟರೇ ಇಲ್ಲ. ಹಾಗಾಗಿ ಅವುಗಳ ಬಳಕೆ ಬರೀ ಅಂದಾಜು. ಅಂದಾಜು ಹಿಗ್ಗಿದಷ್ಟೂ ಸೋರಿಕೆ ಕುಗ್ಗಿದಂತೆ ಕಾಣುತ್ತೆ! ಆಯೋಗ ಫೀಡರ್ ಮೀಟರಿನ ಲೆಕ್ಕ ಕೇಳೋದು ಇದಕ್ಕೇ. ಸೋರಿಕೆಗೆ ಒಂದು ಮಿತಿ ಹಾಕಿ, ಅದನ್ನು ಮೀರಿದ್ದನ್ನು ಗ್ರಾಹಕರ ತಲೆಗೆ ಕಟ್ಟದಂತೆ ನೋಡೋದೂ ಅದರ ಕೆಲಸ.

ಇಬ್ಬರೂ ಕೂತು ಎರಡು ಪುಟದ ಆಕ್ಷೇಪಣೆ ಬರೆದೆವು, ಅಫಿಡವಿಟ್ ಮಾಡಿಸಿದೆವು. ವಿಚಾರಣೆಯ ದಿನ ಗಿರಣಿಗೆ ರಜೆ. ಕೈಗಾರಿಕೆಯವರ ಪರ ವಕೀಲರು ದಪ್ಪ ಫೈಲು ಹಿಡಿದು ಬಂದಿದ್ದರು. ರೈತರೊಬ್ಬರು ರಾತ್ರಿ ತ್ರೀಫೇಸ್ ಕೊಟ್ಟರೆ ಹಾವಿನ ಭಯ ಅಂದರು. ಚಿಕ್ಕಪ್ಪನ ಸರದಿ ಬಂದಾಗ ಅವರು ಕೇಳಿದ್ದು ಒಂದೇ: "ಸ್ವಾಮಿ, ತಂತೀಲಿ ಸೋರಿದ್ದಕ್ಕೆ ನನ್ನ ಗಿರಣಿ ಯಾಕೆ ದುಡ್ಡು ಕೊಡಬೇಕು?"

ನಿಗದಿತ ಶುಲ್ಕ ಇಳೀತಾ? ಇಲ್ಲ. ಆದ್ರೆ ಆದೇಶದಲ್ಲಿ ಅವರ ಪ್ರಶ್ನೆ, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ಅಚ್ಚಾಗಿದ್ದವು. ಆ ಪುಟವನ್ನು ಚಿಕ್ಕಪ್ಪ ಎರಡು ಸಲ ಓದಿಸಿಕೊಂಡರು. ಕಂಪನಿಯ ಉತ್ತರ ಮಾತ್ರ ನಾಲ್ಕೇ ಸಾಲು, ಅದೂ ಹಾರಿಕೆಯದ್ದು.

ಆಯೋಗದ ಮೇಲೆ ನನಗೆ ಕುರುಡು ನಂಬಿಕೆಯೇನಿಲ್ಲ. ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ, ಗ್ರಾಚ್ಯುಟಿ ಹೊರೆಗೆ 2025ರ ಏಪ್ರಿಲ್‌ನಿಂದ ಯೂನಿಟ್‌ಗೆ 36 ಪೈಸೆ ನಮ್ಮ ಬಿಲ್ಲಿಗೇ ಸೇರಿತು. ಆದ್ರೂ ಕಟ್ಟೆ ಮೇಲೆ ಕೂತು ಬೈದದ್ದು ಗಾಳಿಗೆ ಹೋಗುತ್ತೆ, ಬರೆದು ಕೊಟ್ಟದ್ದಕ್ಕೆ ಯಾರಾದರೊಬ್ಬರು ಉತ್ತರ ಕೊಡಲೇಬೇಕು. ಹಾರಿಕೆಯ ಉತ್ತರವೂ ದಾಖಲೆಯೇ, ಮುಂದಿನ ಸಲ ಅದನ್ನೇ ಹಿಡಿದು ಕೇಳಬಹುದಲ್ವಾ?

ಪೇಪರಿನಲ್ಲಿ ಸಣ್ಣಕ್ಷರದ ಆ ಪ್ರಕಟಣೆ ಕಂಡರೆ ರದ್ದಿಗೆ ಹಾಕೋ ಮುಂಚೆ ಒಮ್ಮೆ ಓದಿ. ನಿಮ್ಮೂರಲ್ಲಿ ಯಾರಾದರೂ ಹೀಗೆ ಆಕ್ಷೇಪಣೆ ಹಾಕಿದ್ದಾರಾ? ಏನಾಯ್ತು ಅಂತ ಬರೀರಿ, ಚಿಕ್ಕಪ್ಪನಿಗೆ ಓದಿ ಹೇಳ್ತೀನಿ :-)