ಕದಲದ ಬೆರಳು

ಗಿಟಾರ್ ಹಿಡಿದ ಹೊಸಬರನ್ನು 'ಎಷ್ಟು ಕಾರ್ಡ್ ಬರುತ್ತೆ?' ಎಂದು ಕೇಳಿ ನೋಡಿ. ಎ ಮೈನರ್, ಸಿ, ಜಿ, ಡಿ, ಇ ಮೈನರ್ ಅಂತ ಉತ್ಸಾಹದಿಂದ ಎಣಿಸುತ್ತಾರೆ. 'ಸರಿ, ಎ ಮೈನರಿನಿಂದ ಸಿಗೆ ಹೋಗು ಮರಿ' ಅಂದರೆ ಹಾಡು ಅಲ್ಲೇ ನಿಂತುಬಿಡುತ್ತದೆ. ಎಡಗೈ ತಂತಿಗಳನ್ನು ಪೂರ್ತಿ ಬಿಟ್ಟು ಗಾಳಿಗೆ ಏಳುತ್ತದೆ, ಬೆರಳುಗಳು ಒಂದೊಂದಾಗಿ ಹೊಸ ಜಾಗ ಹುಡುಕುತ್ತವೆ, ಅಷ್ಟರಲ್ಲಿ ತಾಳ ಎಲ್ಲೋ ಹೋಗಿರುತ್ತದೆ. ಎರಡು ಕಾರ್ಡೂ ಸರಿಯಾಗಿಯೇ ಗೊತ್ತು. ನಡುವಿನ ದಾರಿ ಗೊತ್ತಿಲ್ಲ. ಇಪ್ಪತ್ತು ಕಾರ್ಡ್ ಕಲಿತು ತಡವರಿಸುವುದಕ್ಕಿಂತ ಎರಡೇ ಕಾರ್ಡುಗಳ ನಡುವೆ ತಾಳ ತಪ್ಪದೆ ಓಡಾಡುವುದು ಮೇಲು ಎಂದು ನಾನು ಖಂಡಿತವಾಗಿ ನಂಬಿದ್ದೇನೆ.

ಎ ಮೈನರಿನಲ್ಲಿ ಬೆರಳುಗಳು ಎಲ್ಲೆಲ್ಲಿವೆ ನೋಡಿ. ತೋರುಬೆರಳು ಎರಡನೇ ತಂತಿಯ ಮೊದಲ ಫ್ರೆಟ್ಟಿನಲ್ಲಿ, ನಡುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿ, ಉಂಗುರಬೆರಳು ಮೂರನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿ. ಸಿ ಕಾರ್ಡಿಗೆ ಹೋಗಲು ಉಂಗುರಬೆರಳೊಂದು ಐದನೇ ತಂತಿಯ ಮೂರನೇ ಫ್ರೆಟ್ಟಿಗೆ ಹೋದರೆ ಸಾಕು. ಉಳಿದೆರಡು ಇದ್ದಲ್ಲೇ ಇರಬೇಕು.

ಯಾಕೆ ಹೀಗೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ. ಸಿ ಸ್ವರವನ್ನು ಷಡ್ಜವೆಂದು ಇಟ್ಟುಕೊಳ್ಳಿ. ಆಗ ಸಿ ಮೇಜರ್ ಅಂದರೆ ಸ, ಗ, ಪ. ಎ ಮೈನರ್ ಅಂದರೆ ದ, ಸ, ಗ. ಎರಡರಲ್ಲೂ ಸ ಮತ್ತು ಗ ಇವೆ. ಕದಲದೆ ಕೂತ ತೋರುಬೆರಳಿನ ಕೆಳಗಿರುವುದು ಸ, ನಡುಬೆರಳಿನ ಕೆಳಗಿರುವುದು ಗ! ಉಂಗುರಬೆರಳು ಮೂರನೇ ತಂತಿಯಿಂದ ಎದ್ದೊಡನೆ ಆ ಖಾಲಿ ತಂತಿ ತಾನಾಗಿ ಪಂಚಮ ನುಡಿಯುತ್ತದೆ. ಸ್ವರ ಉಳಿದಿದೆ, ಅದಕ್ಕೇ ಬೆರಳೂ ಉಳಿದಿದೆ.

ಕಾರ್ಡ್ ನಮ್ಮ ಕಿವಿಗೆ ಪರಕೀಯ, ನಮ್ಮದು ರಾಗದ ಸಂಗೀತ ಅನ್ನುವವರಿದ್ದಾರೆ. ರಾಗವನ್ನು ಕಾರ್ಡುಗಳಿಂದ ಕಟ್ಟುವುದಿಲ್ಲ, ಒಪ್ಪುತ್ತೇನೆ. ಆದರೆ ಚೆನ್ನಾಗಿ ಶ್ರುತಿಗೂಡಿದ ತಂಬೂರಿಯ ಹತ್ತಿರ ಕಿವಿಯಿಟ್ಟವರು ಬಲ್ಲರು: ಸ, ಪ ಮಾತ್ರ ಮೀಟಿದರೂ ಮಂದ್ರ ಷಡ್ಜದ ತಂತಿಯಿಂದ ಅಂತರ ಗಾಂಧಾರ ತಾನಾಗಿ ಏಳುತ್ತದೆ. ಸ, ಗ, ಪ ಮೂರೂ ಸೇರಿದರೆ ಅದೇ ಮೇಜರ್ ಕಾರ್ಡ್. ಗಾಂಧಾರವನ್ನು ಒಂದು ಮೆಟ್ಟಿಲು ಇಳಿಸಿ ಸಾಧಾರಣ ಮಾಡಿದರೆ ಮೈನರ್. ಧಾರವಾಡದ ಕಡೆಯವರಾದರೆ ಕೋಮಲ ಗಾಂಧಾರ ಅನ್ನುತ್ತಾರೆ. ಇ ಮೇಜರ್ ಹಿಡಿದು ತೋರುಬೆರಳೊಂದನ್ನೇ ಎತ್ತಿ ನೋಡಿ, ಇ ಮೈನರ್ ಆಗುತ್ತದೆ. ಅಷ್ಟರಲ್ಲೇ ಮನೆಯ ಹವೆ ಬದಲಾದ ಹಾಗಿರುತ್ತದೆ.

ಜಿ ಮತ್ತು ಡಿ ನಡುವೆಯೂ ಇಂಥದೇ ಒಂದು ನೆಂಟಸ್ತಿಕೆಯಿದೆ. ಜಿ ಕಾರ್ಡನ್ನು ನಾಲ್ಕು ಬೆರಳಿನಲ್ಲಿ ಹಿಡಿದು, ಉಂಗುರಬೆರಳನ್ನು ಎರಡನೇ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಇಟ್ಟರೆ ಡಿಗೆ ಹೋಗುವಾಗ ಆ ಬೆರಳು ಅಲ್ಲೇ ಇರುತ್ತದೆ. ಮೂರು ಬೆರಳಿನ ಜಿ ಹೇಳಿಕೊಡುವವರ ಮೇಲೆ ನನಗೆ ಜಗಳವಿಲ್ಲ, ಆದರೆ ಮೊದಲು ನಾಲ್ಕು ಬೆರಳಿನದನ್ನೇ ಕಲಿಸಿ ಎನ್ನುತ್ತೇನೆ. ಇ ಮೇಜರಿನಿಂದ ಎ ಮೈನರಿಗೆ ಹೋಗುವಾಗ ಯಾವ ಬೆರಳೂ ನಿಲ್ಲುವುದಿಲ್ಲ, ನಿಜ. ಆದರೆ ಆಕಾರ ಕೆಡದೆ ಮೂರೂ ಒಟ್ಟಿಗೆ ಪಕ್ಕದ ತೆಳು ತಂತಿಗೆ ಸರಿಯುತ್ತವೆ.

ಅಭ್ಯಾಸದ ವಿಷಯದಲ್ಲಿ ಜಸ್ಟಿನ್ ಸ್ಯಾಂಡರ್ಕೋ ಎಂಬ ಗಿಟಾರ್ ಮೇಷ್ಟ್ರು ಜನಪ್ರಿಯಗೊಳಿಸಿದ ಒಂದು ನಿಮಿಷದ ಪಾಠ ನನಗೆ ಹಿಡಿಸಿದೆ. ಎರಡು ಕಾರ್ಡ್ ಆರಿಸಿಕೊಂಡು, ಗಡಿಯಾರ ನೋಡಿ, ನಿಮಿಷಕ್ಕೆ ಎಷ್ಟು ಸಲ ಬದಲಾಯಿಸಿದಿರಿ ಎಂದು ಎಣಿಸುವುದು, ಅಷ್ಟೇ. ಹಾಡಿಗೆ ಹೋದಾಗ ಮಾತ್ರ ಬಲಗೈ ನಿಲ್ಲಕೂಡದು. ಎಡಗೈ ತಡವಾದರೆ ಒಂದೆರಡು ಮೀಟು ಖಾಲಿ ತಂತಿಯ ಮೇಲೆ ಬೀಳಲಿ. ಕೇಳುವವರ ಕಿವಿ ಅದನ್ನು ಮನ್ನಿಸುತ್ತದೆ, ಮುರಿದ ಲಯವನ್ನು ಮನ್ನಿಸುವುದಿಲ್ಲ.

ಬೆರಳಿನ ತುದಿ ಉರಿಯುತ್ತದೆ, ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. 'ನನ್ನ ಬೆರಳು ಗಿಡ್ಡ, ನನ್ನಿಂದಾಗದು' ಎಂದು ಕೈಚೆಲ್ಲುವವರಿಗೆ ನಾನು ಜಾಂಗೋ ರೈನ್‌ಹಾರ್ಟನ ಕಥೆ ಹೇಳುತ್ತೇನೆ. 1928ರಲ್ಲಿ ಅವನ ಗಾಡಿಮನೆಗೆ ಬೆಂಕಿ ಬಿದ್ದು ಎಡಗೈಯ ಉಂಗುರಬೆರಳು, ಕಿರುಬೆರಳು ಸುಟ್ಟು ಮುರುಟಿದವು. ಉಳಿದೆರಡು ಬೆರಳಿನಲ್ಲೇ ಅವನು ಮಿಂಚಿನ ವೇಗದ ಸ್ವರಗಳನ್ನು ನುಡಿಸಿದ. ಕಾರ್ಡ್ ಹಿಡಿಯುವಾಗ ಮುರುಟಿದ ಬೆರಳುಗಳಿಗೂ ತೆಳು ತಂತಿಗಳ ಮೇಲೆ ಕೆಲಸ ಕೊಟ್ಟ. ತನ್ನ ಕೈಗೆ ಹೊಂದುವ ಆಕಾರಗಳನ್ನು ತಾನೇ ಹುಡುಕಿಕೊಂಡ.

ಎಲ್ಲರೂ ಹೆದರುವ ಎಫ್ ಬಗ್ಗೆ ಒಂದು ಮಾತು. ಆರೂ ತಂತಿಗಳ ಮೇಲೆ ತೋರುಬೆರಳನ್ನು ಅಡ್ಡ ಹಾಯಿಸುವ ಬ್ಯಾರೆ ಮೊದಲ ಫ್ರೆಟ್ಟಿನಲ್ಲಿ ತುಂಬಾ ಕಷ್ಟ, ನಟ್ ಹತ್ತಿರವಿರುವುದರಿಂದ ತಂತಿ ಅಲ್ಲಿ ಬಿಗಿಯಾಗಿ ಎದುರು ನಿಲ್ಲುತ್ತದೆ. ಅದೇ ಆಕಾರವನ್ನು ಐದನೇ ಫ್ರೆಟ್ಟಿನಲ್ಲಿ ರೂಢಿಮಾಡಿಕೊಳ್ಳಿ, ಅಲ್ಲಿ ಅದು ಎ ಮೇಜರ್. ಹಾಡಿಗೆ ಎಫ್ ಈಗಲೇ ಬೇಕೆಂದರೆ ಸಿ ಕಾರ್ಡಿನಿಂದಲೇ ಹೊರಡಿ. ಉಂಗುರಬೆರಳನ್ನೂ ನಡುಬೆರಳನ್ನೂ ತಮ್ಮ ತಮ್ಮ ಫ್ರೆಟ್ಟಿನಲ್ಲೇ ಒಂದೊಂದು ತಂತಿ ಸರಿಸಿ, ತೋರುಬೆರಳನ್ನು ಇದ್ದಲ್ಲೇ ಸ್ವಲ್ಪ ಮಲಗಿಸಿ ಮೊದಲ ತಂತಿಯನ್ನೂ ಒತ್ತಿ, ತೆಳುವಾದ ನಾಲ್ಕೇ ತಂತಿ ಮೀಟಿ. ಎಫ್ ಅಂದರೆ ಮ, ದ, ಸ. ಷಡ್ಜ ಇಲ್ಲಿಯೂ ತೋರುಬೆರಳಿನ ಕೆಳಗೇ ಇದೆ.